ಬೆಳಗಿನ ಜಾವ ಐದಕ್ಕೆ ರೂಮಿಗೆ ಬರೋದು ಹೇಗೆ? ನಾನು ಇಬಿಜಾ ಪ್ಲಾನ್ ಮಾಡಿದ ಕಥೆ

ನಲವತ್ತರ ನಾಲ್ವರು ಗಂಡಸರು ಇಬಿಜಾಕ್ಕೆ, ಅಂದರೆ ನೈಟ್ ಕ್ಲಬ್ಬುಗಳಿಗೆ ಹೆಸರಾದ ಸ್ಪೇನಿನ ದ್ವೀಪಕ್ಕೆ, ಹೊರಟಿದ್ದೇವೆ ಅಂದಾಗ ಮನೆಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಈ ವಯಸ್ಸಲ್ಲಿ ಯಾಕ್ರೀ?" ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿ ಒಬ್ಬನಿಗೆ ಕಾಲೇಜಿನ ಸಿ.ಡಿ. ಕಾಲದಿಂದಲೂ ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು. ಅವನ ಹುಟ್ಟುಹಬ್ಬದ ನೆಪ ಮಾಡಿಕೊಂಡು 2024ರ ಸೆಪ್ಟೆಂಬರ್ ಕೊನೆಗೆ ಹೋಗೋಣ ಅಂತಾಯಿತು. ಪ್ಲಾನ್ ಮಾಡುವ ಕೆಲಸ ಎಂದಿನಂತೆ ನನ್ನ ತಲೆಗೆ ಬಿತ್ತು.

ತಿಂಗಳು ಆರಿಸಿದ್ದು ಯೋಚಿಸಿಯೇ. ದೊಡ್ಡ ಕ್ಲಬ್ಬುಗಳ ಸೀಸನ್ ಏಪ್ರಿಲ್ ಕೊನೆಗೆ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಮುಗಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅರ್ಧ ಯೂರೋಪೇ ಅಲ್ಲಿರುತ್ತದೆ, ರೂಮಿನ ದರ ಕೇಳೋದೇ ಬೇಡ. ಸೆಪ್ಟೆಂಬರ್ ಕೊನೆಗೆ ಜನ ಸ್ವಲ್ಪ ಕಡಿಮೆ, ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ, ಸೀಸನ್ ಮುಗಿಸುವ ಕ್ಲೋಸಿಂಗ್ ಪಾರ್ಟಿಗಳೂ ಶುರುವಾಗುತ್ತವೆ.

ವೀಸಾ ವಿಷಯದಲ್ಲಿ ಒಂದೇ ಮಾತು, ಬೇಗ ಶುರು ಮಾಡಿ. ಪ್ರವಾಸಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಶೆಂಗನ್ (ಯೂರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋವರೆಗಿನ ಖರ್ಚು ಭರಿಸುವ ವೈದ್ಯಕೀಯ ವಿಮೆ ಕಡ್ಡಾಯ. ನಾವು ಇಳಿಯುವುದೂ ಉಳಿಯುವುದೂ ಸ್ಪೇನಿನಲ್ಲೇ ಆದ್ದರಿಂದ ಯಾವ ದೇಶಕ್ಕೆ ಅರ್ಜಿ ಹಾಕಬೇಕು ಅನ್ನೋ ಗೊಂದಲ ಇರಲಿಲ್ಲ. ಬೆಂಗಳೂರಿನಿಂದ ಗಲ್ಫ್ ಮೇಲೆ ಬಾರ್ಸಿಲೋನಾ, ಅಲ್ಲಿಂದ ಸುಮಾರು ಒಂದು ಗಂಟೆಯ ವಿಮಾನ. ಬಾರ್ಸಿಲೋನಾದಿಂದ ರಾತ್ರಿಯಿಡೀ ಸಾಗುವ ಹಡಗೂ ಇದೆ. ನಮ್ಮಲ್ಲೊಬ್ಬನಿಗೆ ಮಡಿಕೇರಿ ಘಾಟಿಯಲ್ಲೇ ವಾಂತಿ. ಹಾಗಾಗಿ ಹಡಗು ಬಿಟ್ಟೆವು.

ನಾನು ಎಡವಿದ್ದು ರೂಮಿನ ವಿಷಯದಲ್ಲಿ. ಮ್ಯಾಪಿನಲ್ಲಿ ದ್ವೀಪ ಅಂಗೈಯಷ್ಟು ಕಾಣುತ್ತದೆ. ಎಲ್ಲಿದ್ದರೇನು ಅಂದುಕೊಂಡು ಉತ್ತರದ ತುದಿಯಲ್ಲಿರೋ ಪೋರ್ಟಿನಾಚ್ ಅನ್ನುವ ಊರಿನಲ್ಲಿ ಅಗ್ಗದ ಮನೆಯೊಂದನ್ನು ಬುಕ್ ಮಾಡಿಬಿಟ್ಟೆ. ಫೋಟೋದಲ್ಲಿ ಪೈನ್ ಮರ, ನೀಲಿ ನೀರು, ಎಲ್ಲಾ ಚೆಂದ. ಒಂದು ವಾರದ ಮೇಲೆ, ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ಹೊಳೆಯಿತು. ದ್ವೀಪದ ಹೆಚ್ಚಿನ ಕ್ಲಬ್ಬುಗಳು ಬಾಗಿಲು ತೆಗೆಯುವುದೇ ಹೆಚ್ಚುಕಡಿಮೆ ಮಧ್ಯರಾತ್ರಿಗೆ. ಹೆಸರಾಂತ ಡಿಜೆಗಳು ಬರುವುದು ಎರಡು, ಮೂರು ಗಂಟೆಗೆ. ಮುಗಿಯುವುದು ಆರಕ್ಕೆ. ಆ ಹೊತ್ತಿನಲ್ಲಿ ಕ್ಲಬ್ಬಿನಿಂದ ಪೋರ್ಟಿನಾಚ್‌ಗೆ ಸುಮಾರು ಮೂವತ್ತು ಕಿಲೋಮೀಟರ್! ನೂರಾರು ಜನ ಒಟ್ಟಿಗೆ ಹೊರಗೆ ಬಂದು ಟ್ಯಾಕ್ಸಿಗೆ ಸಾಲು ನಿಲ್ಲುವ ಹೊತ್ತದು. ಬಾಡಿಗೆ ಕಾರು ಇದ್ದರೂ ಓಡಿಸುವವರು ಯಾರು? ಕುಡಿಯದ ಒಬ್ಬ ಗೆಳೆಯನಿದ್ದ ನಿಜ. ಅವನನ್ನು ಐದು ರಾತ್ರಿ ಡ್ರೈವರ್ ಮಾಡಿಕೊಳ್ಳೋದು ಪಾಪದ ಕೆಲಸ ಅಲ್ವಾ?

ಪುಣ್ಯಕ್ಕೆ ಬುಕಿಂಗ್ ರದ್ದು ಮಾಡಲು ಅವಕಾಶವಿತ್ತು. ಈ ಸಲ ಲೆಕ್ಕ ತಿರುವಿ ಹಾಕಿದೆ. ಮೊದಲು ಯಾವ ರಾತ್ರಿ ಎಲ್ಲಿ ಅಂತ ತೀರ್ಮಾನ, ಆಮೇಲೆ ಐದು ಗಂಟೆಗೆ ಅಲ್ಲಿಂದ ಹೇಗೆ ಬರೋದು, ಕೊನೆಗೆ ರೂಮು. ಉಷುಆಯಾ ಮತ್ತು ಹೈ ಅನ್ನೋ ಕ್ಲಬ್ಬುಗಳು ಎರಡೂ ಪ್ಲಾಯಾ ದೆನ್ ಬೊಸ್ಸಾ ಅನ್ನೋ ಬೀಚಿನ ಪ್ರದೇಶದಲ್ಲಿ, ರಸ್ತೆಯ ಆಚೆ ಈಚೆ. 1973ರಲ್ಲಿ ಶುರುವಾದ ಪಾಚಾ ಕ್ಲಬ್ಬು, ಇಬಿಜಾ ಪಟ್ಟಣದ ಬಂದರಿನ ಆಚೆ ಬದಿಗೆ. ಇವೆರಡರ ನಡುವೆ ಫಿಗೆರೆತಾಸ್ ಅನ್ನೋ ಬಡಾವಣೆ. ಅಲ್ಲಿ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದೆ. ಬಾಡಿಗೆ ಮೊದಲಿನದಕ್ಕಿಂತ ಜಾಸ್ತಿ. ಆದರೆ ಎರಡೂ ಕಡೆಯಿಂದ ನಡೆದೇ ಮನೆಗೆ ಬರಬಹುದು. ದೂರದ ಜಾಗಗಳಿಗೆ ಬೇಸಿಗೆಯಲ್ಲಿ ರಾತ್ರಿ ಓಡುವ ಡಿಸ್ಕೋಬಸ್ಸೂ ಇದೆ. ಬೋರ್ಡುಗಳಲ್ಲಿ ಊರಿನ ಹೆಸರು ಅಲ್ಲಿನ ಕತಲಾನ್ ಭಾಷೆಯಲ್ಲಿ 'ಐವಿಸಾ' ಅಂತಲೇ ಇರುತ್ತದೆ. ಅದು ಬೇರೆ ಊರೆಂದು ನಾವು ಒಂದು ಬಸ್ಸು ಬಿಟ್ಟೆವು.

ಐದು ರಾತ್ರಿಯಲ್ಲಿ ಕ್ಲಬ್ಬಿಗೆ ಇಟ್ಟಿದ್ದು ಎರಡೇ. ಹುಟ್ಟುಹಬ್ಬದವನು ನಾಲ್ಕು ಕೇಳಿದ್ದ, ಚೌಕಾಸಿ ಮಾಡಿದೆ. ನಾವು ನೋಡಿದ ಟಿಕೆಟ್ಟುಗಳು 50ರಿಂದ 80 ಯೂರೋ. ಒಳಗೆ ನೀರಿನ ಬಾಟಲಿಗೇ 10 ಯೂರೋ ಹತ್ತಿರ. ರೂಪಾಯಿಗೆ ಬದಲಾಯಿಸಿ ನೋಡಿದರೆ ಗಂಟಲು ತಾನಾಗಿಯೇ ಒಣಗುತ್ತದೆ. ಟಿಕೆಟ್ ಮುಂಚೆಯೇ ಆನ್‌ಲೈನಿನಲ್ಲಿ ತೆಗೆದೆವು. ಬೀಚಿನಲ್ಲಿ ಬಂದು ಟಿಕೆಟ್ಟೋ ಮತ್ತೇನೋ ಮಾರುವವರಿಗೆ "ನೋ" ಅಂದು ಮುಂದೆ ಹೋಗೋದೇ ಕ್ಷೇಮ. ಒಂದು ರಾತ್ರಿ ಉಷುಆಯಾ ಇಟ್ಟುಕೊಂಡಿದ್ದು ನನ್ನ ಜಾಣತನ ಅಂತ ಈಗಲೂ ಹೇಳಿಕೊಳ್ಳುತ್ತೇನೆ. ಬಯಲಿನಲ್ಲಿ ನಡೆಯುವ ಪಾರ್ಟಿ, ಸಂಜೆಯೇ ಶುರು, ಮಧ್ಯರಾತ್ರಿಯೊಳಗೆ ಮುಗಿದುಬಿಡುತ್ತದೆ. ನಲವತ್ತರ ಮಂಡಿಗೆ ಹೇಳಿ ಮಾಡಿಸಿದ ಟೈಮ್. ಪಾಚಾಕ್ಕೆ ಹೋದ ದಿನ ಸಂಜೆ ಏಳರಿಂದ ಹನ್ನೊಂದರವರೆಗೆ ಎಲ್ಲರೂ ಮಲಗಬೇಕು ಅಂತ ಕಟ್ಟುನಿಟ್ಟು ಮಾಡಿದೆ. ಮಕ್ಕಳನ್ನು ಮಲಗಿಸುವುದೇ ಸುಲಭ.

ಹಗಲುಗಳನ್ನು ಸುಮ್ನೆ ಬಿಟ್ಟಿದ್ದೆ. ಒಂದು ದಿನ ಅರ್ಧ ಗಂಟೆಯ ದೋಣಿಯಲ್ಲಿ ಪಕ್ಕದ ದ್ವೀಪ ಫೋರ್ಮೆಂಟೆರಾಕ್ಕೆ ಹೋಗಿ ಸೈಕಲ್ ತುಳಿದೆವು. ಇನ್ನೊಂದು ಸಂಜೆ ದಾಲ್ತ್ ವೀಲಾ, ಅಂದರೆ ಗುಡ್ಡದ ಮೇಲಿನ ಹಳೇ ಕೋಟೆಯ ಊರು. ಆ ಗೋಡೆಗಳು 16ನೇ ಶತಮಾನದ್ದು. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಕುಡಿಯದ ಗೆಳೆಯನಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಇದೇ. ಎಂಟರ ಹತ್ತಿರ ಸೂರ್ಯ ಮುಳುಗುವವರೆಗೆ ಕೆಳಗಿಳಿಯಲು ಒಪ್ಪಲಿಲ್ಲ.

ಊಟಕ್ಕೆ ಸಸ್ಯಾಹಾರಿಗಳಿಗೆ ಟೊಮೆಟೊ ಉಜ್ಜಿದ ಬ್ರೆಡ್ಡು, ಖಾರದ ಸಾಸಿನ ಆಲೂಗಡ್ಡೆ ಸಿಗುತ್ತವೆ. ಎರಡು ದಿನ ಓಕೆ. ಯೂರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಹಾಗಾಗಿ ಅಮ್ಮ ಕಟ್ಟಿದ್ದ ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಿತು, ಪುಳಿಯೋಗರೆ ಗೊಜ್ಜು ಮಾತ್ರ ಬಂತು. ಪಾಚಾದಿಂದ ನಡೆದು ವಾಪಸ್ಸು ಬಂದಾಗ ಬೆಳಗಿನ ಐದೂವರೆ. ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿತ್ತು. ಒಬ್ಬ ಅನ್ನಕ್ಕಿಟ್ಟ, ಇನ್ನೊಬ್ಬ ಶೇಂಗಾ ಹುರಿದ. ಹುಟ್ಟುಹಬ್ಬದವನು ಶೂ ಬಿಚ್ಚದೆ ಸೋಫಾದಲ್ಲೇ ನಿದ್ದೆಹೋಗಿದ್ದ. ಅವನ ಪಾಲನ್ನೂ ನಾವೇ ತಿಂದೆವು.