ಹುಲ್ಲಿನ ರೋಲಿಗೆ ಪಂಜರ: ನನ್ನ ಅನುಭವ

"ಹುಲ್ಲಿಗ್ಯಾಕ್ರೀ ಪಂಜರ, ಓಡಿ ಹೋಗ್ತೈತೇನು?" ಅಂತ ಕೇಳಿದವರೇ ಈ ಬೇಸಿಗೆಯಲ್ಲಿ ಟೇಪ್ ತಂದು ಅಳತೆ ತಗೊಂಡು ಹೋದರು. ಒಣಹುಲ್ಲಿನ ರೋಲನ್ನು ಒಳಗಿಟ್ಟು, ಚೆಲ್ಲದಂತೆ ದನಕ್ಕೆ ತಿನ್ನಿಸುವ ಕಬ್ಬಿಣದ ಪಂಜರ ಅದು. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮ ಹಾನಗಲ್ ಸೀಮೆಯಲ್ಲಿ ಭತ್ತಕ್ಕೆ ಕಟಾವು ಮಷಿನ್ ಬಂದ ಮೇಲೆ ಬಣವೆ ಒಟ್ಟುವವರು ಕಡಿಮೆಯಾದರು, ಒಣಹುಲ್ಲನ್ನು ಸುತ್ತಿ ಕಟ್ಟುವ ಬೇಲರ್ ಯಂತ್ರದ ರೋಲ್‌ಗಳು ಹೆಚ್ಚಾದವು. ರೋಲ್ ಕೊಂಡವರ ದೂರು ಎರಡೇ. ಒಂದು, ದನ ತಿನ್ನೋದಿಲ್ಲ. ಎರಡು, ತಿಂದದ್ದಕ್ಕಿಂತ ತುಳಿದದ್ದು ಜಾಸ್ತಿ. ಎರಡೂ ಖರೆ. ಆದರೆ ಅದು ಹುಲ್ಲಿನ ತಪ್ಪಲ್ಲ, ಹಾಕುವ ರೀತಿಯ ತಪ್ಪು.

ಮಿನಿ ಬೇಲರ್‌ನ ರೋಲ್ ಸುಮಾರು 2 ಅಡಿ ದಪ್ಪ, 3 ಅಡಿ ಉದ್ದ, 20–22 ಕಿಲೋ ತೂಕ. ಈ ಯಂತ್ರದಲ್ಲಿ ಹುಲ್ಲು ಸುತ್ತುವ ಗೂಡಿನ ಅಳತೆ ಬದಲಾಗುವುದಿಲ್ಲ. ಗೂಡು ತುಂಬುವವರೆಗೆ ಹುಲ್ಲು ಸಡಿಲವಾಗಿ ಉರುಳುತ್ತದೆ, ತುಂಬಿದ ಮೇಲಷ್ಟೇ ಬಿಗಿಯುತ್ತದೆ. ಹಾಗಾಗಿ ರೋಲಿನ ಹೊಟ್ಟೆ ಮೆತ್ತಗೆ, ಹೊರಗಿನ ಸುತ್ತು ಗಟ್ಟಿ. ಇಡೀ ರೋಲನ್ನು ದನದ ಮುಂದೆ ಒಗೆದರೆ ಹೊರಸುತ್ತು ನಾಲಿಗೆಗೆ ಸಿಗುವುದಿಲ್ಲ. ದನ ಮೂಸಿ ನೋಡಿ ತಿರುಗಿ ನಿಲ್ಲುತ್ತದೆ. ಮಂದಿ ಅದನ್ನೇ "ರೋಲ್ ತಿನ್ನೋದಿಲ್ಲ" ಅನ್ನುತ್ತಾರೆ. ಹಾಗಂತ ಚಾಪೆಯಂತೆ ಬಿಡಿಸಿ ನೆಲಕ್ಕೆ ಹಾಸಿದರೆ ಮೊದಲ ಹತ್ತು ನಿಮಿಷ ತಿಂದು, ಆಮೇಲೆ ಅದರ ಮೇಲೇ ಸಗಣಿ ಹಾಕಿ ಮಲಗುತ್ತವೆ. ನನ್ನವು 12 ದನ, ಅಂಗಳದಲ್ಲಿ ಬಿಟ್ಟೇ ಸಾಕುವವು. ದಿನಕ್ಕೆ 3 ರೋಲ್, ಅಂದರೆ 65 ಕಿಲೋ ಹಾಕುತ್ತಿದ್ದೆ. ಮರುದಿನ ಬಳಿದದ್ದನ್ನು ಒಂದು ವಾರ ತೂಗಿದೆ. 18 ಕಿಲೋಗೆ ಕಡಿಮೆ ಒಂದು ದಿನವೂ ಬರಲಿಲ್ಲ.

ಮೊದಲ ಉಪಾಯ ಹಳೆಯ ಟಿಪ್ಪರ್ ಟೈರ್. ಅಗ್ಗ, ಮಗುಚುವುದಿಲ್ಲ, ತುಕ್ಕಿಲ್ಲ. ಆದರೆ ಟೈರಿನ ಬದಿ ಕೊಯ್ದಾಗ ಒಳಗಿನ ಉಕ್ಕಿನ ತಂತಿ ಹೊರಬಂತು. ಕೂದಲಿನಷ್ಟು ಸಣ್ಣ ತಂತಿ ಹುಲ್ಲಿನಲ್ಲಿ ಸೇರಿದರೆ ಕಣ್ಣಿಗೆ ಕಾಣುವುದಿಲ್ಲ. ಹೊಟ್ಟೆಗೆ ಹೋದ ತಂತಿ ಎರಡನೇ ಚೀಲದಲ್ಲಿ ನಿಂತು ಗುಂಡಿಗೆಯ ಕಡೆಗೇ ಚುಚ್ಚುತ್ತದೆ. ಟೈರ್ ಬೇಕೇ ಬೇಕೆಂದರೆ ನೈಲಾನ್ ದಾರದ ಹಳೆಯ ಟ್ರ್ಯಾಕ್ಟರ್ ಟೈರ್ ಹುಡುಕಿ. ನಾನು ಆ 1,500 ರೂಪಾಯಿಯನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು 12 ಎಂಎಂ ಸಳಿಯ (ಕಬ್ಬಿಣದ ಸರಳಿನ) ನೇರ ಕಂಬಿಯ ಪಂಜರ. ಸುಮಾರು 9 ಸಾವಿರ ಬಿತ್ತು. ಎಮ್ಮೆಗಳು ಮೈ ತಿಕ್ಕಿ ಇಪ್ಪತ್ತು ದಿನದಲ್ಲಿ ಸಳಿ ಬಗ್ಗಿಸಿದವು. ಅದು ಸಣ್ಣ ತಪ್ಪು. ದೊಡ್ಡ ತಪ್ಪು ನೇರ ಕಂಬಿ. ದನ ತುತ್ತು ಕಚ್ಚಿ ತಲೆ ಹೊರಗೆ ಎಳೆದುಕೊಂಡು ನಿಂತು ಅಗಿಯುತ್ತದೆ. ಪ್ರತಿ ತುತ್ತಿಗೂ ನಾಲ್ಕು ಎಳೆ ಹೊರಗೆ, ಕಾಲಿನ ಕೆಳಗೆ. ಕಂಬಿ ಓರೆಯಾಗಿದ್ದರೆ ತಲೆ ಒಳಗೆ ಹಾಕಲಿಕ್ಕೂ ಹೊರಗೆ ತೆಗೆಯಲಿಕ್ಕೂ ಕತ್ತು ಸ್ವಲ್ಪ ಹೊರಳಿಸಬೇಕು. ಆ ಬೇಸರಕ್ಕೇ ದನ ತಲೆ ಒಳಗಿಟ್ಟುಕೊಂಡೇ ಅಗಿಯುತ್ತದೆ, ಉದುರಿದ್ದು ಪಂಜರದೊಳಗೇ ಬೀಳುತ್ತದೆ.

2003ರಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ದೊಡ್ಡ ರೋಲ್‌ಗಳಿಗೆ ನಾಲ್ಕು ನಮೂನೆಯ ಮೇವಿನ ಚೌಕಟ್ಟು ಇಟ್ಟು ನೋಡಿದ್ದರು. ಒಳಗೆ ಶಂಕುವಿನಾಕಾರದ ಬುಟ್ಟಿ ಇದ್ದದ್ದರಲ್ಲಿ ಹಾಳಾದದ್ದು ಶೇ. 3.5, ಬರೀ ಬಳೆಯಲ್ಲಿ 6.1, ಟ್ರೇಲರ್‌ನಲ್ಲಿ 11.4, ತೊಟ್ಟಿಲಿನಂಥದ್ದರಲ್ಲಿ 14.6. ಅವರ ರೋಲ್ ಮುಂದೆ ನಮ್ಮದು ಮರಿ. ಆದರೂ ಬುಟ್ಟಿಯ ಗುಟ್ಟು ಒಂದೇ. ಹುಲ್ಲು ನಡುವೆ ಎತ್ತರದಲ್ಲಿ ನಿಲ್ಲಬೇಕು, ಅದಕ್ಕೂ ಹೊರಬಳೆಗೂ ನಡುವೆ ಉದುರಿದ್ದನ್ನು ಹಿಡಿಯುವ ಜಾಗ ಇರಬೇಕು.

ಈಗಿನ ಪಂಜರದ ಅಳತೆ ಹೀಗಿದೆ. ಹೊರಬಳೆ 8 ಅಡಿ ಅಗಲ, ಒಂದೂಕಾಲು ಇಂಚಿನ ಪೈಪಿನ ಮೂರು ಸುತ್ತು. ನೆಲದಿಂದ 20 ಇಂಚಿನವರೆಗೆ 16 ಗೇಜಿನ ಪತ್ರಾ (ತಗಡು), ಅದರ ಮೇಲಿನಿಂದ 4 ಅಡಿ ಎತ್ತರದ ಬಳೆಯವರೆಗೆ ಒಂದು ಇಂಚಿನ ಪೈಪಿನ 14 ಓರೆ ಕಂಬಿ. ಎರಡು ಕಂಬಿಯ ನಡುವೆ 21 ಇಂಚು ಚಿಲ್ಲರೆ. ಕಂಬಿಯ ತಲೆ ಬುಡಕ್ಕಿಂತ ಒಂದು ಗೇಣು ಪಕ್ಕಕ್ಕೆ, ಎಲ್ಲವೂ ಒಂದೇ ದಿಕ್ಕಿಗೆ ವಾಲಿರಬೇಕು. ಒಳಬುಟ್ಟಿ ಮೇಲೆ 5 ಅಡಿ, ಕೆಳಗೆ 3 ಅಡಿ ಅಗಲ, 16 ಎಂಎಂ ಸಳಿ 27. ಮೇಲೆ ಸಳಿಯಿಂದ ಸಳಿಗೆ 7 ಇಂಚು, ಕೆಳಗೆ 4 ಇಂಚು. ಬುಟ್ಟಿಯ ತಳ ನೆಲದಿಂದ 1 ಅಡಿ ಮೇಲೆ. ಮೂರು ರೋಲ್ ಒತ್ತೊತ್ತಾಗಿ ನೆಟ್ಟಗೆ ನಿಂತರೆ 4 ಅಡಿ 4 ಇಂಚು ಜಾಗ ಬೇಕು. ಹಾಗಾಗಿ ರೋಲ್‌ಗಳು ಬುಟ್ಟಿಯ ಅರ್ಧದಲ್ಲಿ ಸಿಕ್ಕಿಕೊಂಡು ನಿಲ್ಲುತ್ತವೆ, ಬುಡ ತಿಂದಂತೆ ಕೆಳಗೆ ಇಳಿಯುತ್ತವೆ. ಸಳಿಯ ಸಂದು 10 ಇಂಚು ಇಟ್ಟು ನೋಡಿದ್ದೆ, ತೋಳಿನ ಗಾತ್ರದ ಮುದ್ದೆ ಎಳೆದು ಒಗೆಯುತ್ತಿದ್ದವು. ಮೇಲೂ 4 ಇಂಚು ಮಾಡಿದಾಗ ಬೇಸತ್ತು ಬಿಟ್ಟು ಹೋದವು.

ಪತ್ರಾದ ಮೇಲಂಚಿಗೆ ಪೈಪ್ ಕೂರಿಸದೆ ಬಿಟ್ಟರೆ ಗಂಗೆದೊಗಲು ಕೊಯ್ಯುತ್ತದೆ. ಪತ್ರಾ ನೆಲಕ್ಕೆ ತಾಗದಂತೆ 2 ಇಂಚು ಎತ್ತಿ, ಇಲ್ಲದಿದ್ದರೆ ಗಂಜಲ ಒಂದೇ ಮಳೆಗಾಲದಲ್ಲಿ ತಳ ತಿನ್ನುತ್ತದೆ. ಬಳೆಗಳನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಮಷಿನ್‌ನಲ್ಲಿ ಬಾಗಿಸಿಕೊಂಡು ಬಂದೆ. ಊರಲ್ಲಿ ಕಾಸಿ ಬಡಿದರೆ ಪೈಪ್ ಚಪ್ಪಟೆಯಾಗುತ್ತದೆ. ಒಟ್ಟು 220 ಕಿಲೋ ಕಬ್ಬಿಣ, ಕೂಲಿ ಸೇರಿ ಕಿಲೋಗೆ 95ರಂತೆ 21 ಸಾವಿರದ ಹತ್ತಿರ ಹೋಯಿತು. ಹೊರಬಳೆ ಮೂರು ತುಂಡು, ಒಂದೊಂದು 50 ಕಿಲೋ, ಇಬ್ಬರು ಎತ್ತಬಹುದು.

ಉದ್ದ ಕೋಡಿನ ದನ ಇದ್ದವರು ಇದನ್ನೇ ನಕಲು ಹೊಡೆಯಬೇಡಿ. ಖಿಲಾರಿ ಎತ್ತಿಗೂ ಉದ್ದ ಬಾಗಿದ ಕೋಡಿನ ಧಾರವಾಡಿ ಎಮ್ಮೆಗೂ ಮೇಲೆ ಬಳೆ ಮುಚ್ಚಿದ ಓರೆ ಸಂದು ಅಂದರೆ ಉರುಲು. ಬೆದರಿ ಹಿಂದೆ ಜಗ್ಗಿದರೆ ಕೋಡು ಮುರಿಯುತ್ತದೆ, ಇಲ್ಲವೇ ಕತ್ತು ತಿರುಚುತ್ತದೆ. ಅವಕ್ಕೆ ಮೇಲಿನ ಬಳೆ ತೆಗೆದು, ಕಂಬಿಗಳನ್ನು ಉಲ್ಟಾ 'ಯು' ಆಕಾರದಲ್ಲಿ ಗಿಡ್ಡಗೆ ಬಾಗಿಸಿ, ಸಂದಿನ ತಲೆ ಬಯಲಾಗಿರುವಂತೆ ಬಿಡಬೇಕು. ಮೇವು ತುಸು ಹೆಚ್ಚು ಹಾಳಾಗುತ್ತದೆ, ಆಗಲಿ. ಹೋರಿ ಬೆದರಿಸುವ ಹಬ್ಬಕ್ಕೆ ಸಾಕಿದ ಹೋರಿಯನ್ನಂತೂ ಇದರ ಹತ್ತಿರ ಬಿಡಬೇಡಿ, ಅದಕ್ಕೆ ಪಂಜರವೇ ಎದುರಾಳಿ.

ಹಗ್ಗಕ್ಕೆ ಕಟ್ಟಿ ಸಾಕುವವರಿಗೆ ಪಂಜರ ಬೇಡ. ಗ್ವಾದಲಿಯಲ್ಲಿ (ಮೇವಿನ ತೊಟ್ಟಿಯಲ್ಲಿ) ಹುಲ್ಲು ಬಿಡಿಸಿ ತುಂಬಿ, ಅದರ ಮೇಲೆ 6 ಇಂಚಿನ ಚೌಕದ ಸಳಿ ಜಾಳಿಗೆಯನ್ನು ಸಡಿಲವಾಗಿ ಹೇರಿಬಿಡಿ. ಹುಲ್ಲು ಇಳಿದಂತೆ ಜಾಳಿಗೆಯೂ ಇಳಿಯುತ್ತದೆ, ಮೂತಿಯಿಂದ ಹಾರಿಸುವುದು ನಿಲ್ಲುತ್ತದೆ. ಇದೂ ಗಿಡ್ಡ ಕೋಡಿನವಕ್ಕೆ ಮಾತ್ರ.

ದಾರದ ವಿಷಯದಲ್ಲಿ ನಾನು ಹಟಮಾರಿ. ರೋಲ್ ಬುಟ್ಟಿಗೆ ಇಳಿಸುವ ಮೊದಲು ಎಲ್ಲ ಸುತ್ತನ್ನೂ ಒಂದೇ ಗೆರೆಯಲ್ಲಿ ಕೊಯ್ದು, ಇನ್ನೊಂದು ಬದಿಯಿಂದ ಒಟ್ಟಿಗೆ ಹಿಡಿದು ಎಳೆಯಬೇಕು. ಎಣಿಸಿ ಮೊಳೆಗೆ ಸಿಕ್ಕಿಸಬೇಕು. ಪ್ಲಾಸ್ಟಿಕ್ ದಾರ ಹೊಟ್ಟೆಯಲ್ಲಿ ಕರಗುವುದಿಲ್ಲ, ಗಂಟಾಗಿ ಕೂರುತ್ತದೆ. ಸೆಣಬಿನ ದಾರ ಅಷ್ಟು ಅಪಾಯವಲ್ಲ, ಆದರೆ ಇಲಿ ಕಡಿಯುತ್ತದೆ, ಅಡ್ಡಮಳೆಗೆ ಕೊಳೆಯುತ್ತದೆ, ಎತ್ತುವಾಗ ರೋಲ್ ಕೈಯಲ್ಲೇ ಬಿಚ್ಚಿಕೊಳ್ಳುತ್ತದೆ. ದಾರ ತೆಗೆದ ಮೇಲೆ ಹೊರಸುತ್ತು ಸಡಿಲಿಸಲಿಕ್ಕೆ ಒಂದು ಕೈಚಳಕ ಇದೆ, ಅರ್ಧ ನಿಮಿಷದ ಕೆಲಸ. ಅದನ್ನು ಬಂದವರಿಗೆ ಮಾಡಿ ತೋರಿಸುತ್ತೇನೆ. ಹೊಸ ದನ ಪಂಜರಕ್ಕೆ ರೂಢಿಯಾಗುವ ಮೊದಲ ಮೂರು ದಿನ ಹುಲ್ಲಿಗೆ ಏನು ಚಿಮುಕಿಸುತ್ತೇನೆ ಅನ್ನುವುದನ್ನೂ ಸದ್ಯಕ್ಕೆ ಬರೆಯುವುದಿಲ್ಲ. ಯೂರಿಯಾ ಅಲ್ಲ, ಅಷ್ಟು ಹೇಳಬಲ್ಲೆ.

ಯೂರಿಯಾದ ಮಾತು ಬಂತು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, 50 ಲೀಟರ್ ನೀರು, ಗಾಳಿಯಾಡದಂತೆ ಮುಚ್ಚಿ 21 ದಿನ ಅನ್ನುವ ಲೆಕ್ಕ ಎಲ್ಲರಿಗೂ ಗೊತ್ತು. ಇಡೀ ರೋಲ್‌ಗಳ ಮೇಲೇ ಸುರಿದು ನೋಡಿದೆ. ಹೊರಗಿನ ನಾಲ್ಕು ಇಂಚು ತೊಪ್ಪೆ, ಒಳಗೆ ಒಣಗಿದ ಹುಲ್ಲು ಹಾಗೇ. ಒಂದು ಕಡೆ ಯೂರಿಯಾ ನಿಂತರೆ ದನಕ್ಕೆ ವಿಷ, ಅದಕ್ಕೆ ಹತ್ತು ರೋಲ್ ತಿಪ್ಪೆಗೆ ಹೋದವು. ಈ ಉಪಚಾರ ಮಾಡುವುದಾದರೆ ಬಿಡಿಸಿ ಪದರ ಪದರವಾಗಿಯೇ ಮಾಡಬೇಕು, ಆಗ ರೋಲ್ ಕೊಂಡ ಅನುಕೂಲವೇ ಹೋಯಿತು. ಗೋವಿನಜೋಳದ ಕಣಿಕೆಯನ್ನೂ (ಒಣ ದಂಟು, ಸೋಗೆ) ರೋಲ್ ಹೊಡೆಸಿ ನೋಡಿದೆ. ಸೋಗೆ ತಿಂದು ದಂಟು ಬಿಟ್ಟವು, ವಾರದಲ್ಲಿ ಬುಟ್ಟಿ ತುಂಬ ಬರೀ ದಂಟು. ಅದಕ್ಕೆ ಕತ್ತರಿಸುವ ಮಷಿನ್ನೇ ಸರಿ. ಗದಗ ಕಡೆಯ ಬಿಳಿಜೋಳದ ಕಣಿಕೆಗೆ ಪೆಂಡಿ ಕಟ್ಟುವುದೇ ಚಂದ, ಅದರ ಸುದ್ದಿಗೆ ಹೋಗಲಿಲ್ಲ. ರೋಲಿನ ಮೆತ್ತನೆ ಹೊಟ್ಟೆಗೆ ಶೇಂಗಾ ಬಳ್ಳಿ ತುರುಕಿದ್ದು ಮಾತ್ರ ತಮಾಷೆಯಾಯಿತು. ಅದನ್ನು ಹುಡುಕಲಿಕ್ಕೆ ಮೂರೂ ರೋಲನ್ನು ಒಂದು ತಾಸಿನಲ್ಲಿ ಚಿಂದಿ ಮಾಡಿದವು.

ಕೊಳ್ಳುವಾಗ ಐದು ರೋಲ್ ತೂಗಿಯೇ ಲೆಕ್ಕ ಮಾಡಿ. ಬೇಲರ್‌ನವರಿಗೆ ಕೂಲಿ ರೋಲಿನ ಲೆಕ್ಕದಲ್ಲಿ. ಸಡಿಲ ಬಿಟ್ಟಷ್ಟೂ ರೋಲ್ ಹೆಚ್ಚು. ಒಂದು ಸಲ ನನಗೆ 14 ಕಿಲೋದ ರೋಲ್‌ಗಳನ್ನು 22ರ ದರಕ್ಕೆ ಇಳಿಸಿಹೋದರು. ಹಾಗೆಯೇ ಮುಂಜಾನೆ ಇಬ್ಬನಿ ಆರುವ ಮೊದಲು ಹೊಡೆದ ರೋಲ್ ಬೇಡ, ಒಳಗೆ ಬೂಸ್ಟು ಬರುತ್ತದೆ. ಒಟ್ಟಿದ ಮೇಲೆ ವಾರದ ತನಕ ನಾಲ್ಕಾರು ರೋಲಿನ ಹೊಟ್ಟೆಗೆ ಹಾರೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಹಿಡಿಯಿರಿ. ಹಿಡಿಯಲಾಗದಷ್ಟು ಬಿಸಿಯಿದ್ದರೆ ಒಟ್ಟಿದ್ದನ್ನು ಅಂದೇ ಬಿಚ್ಚಬೇಕು, ಬೆಂಕಿ ಒಳಗಿನಿಂದಲೇ ಹತ್ತುತ್ತದೆ. ರೋಲ್ ದುಂಡಗಿದೆ, ನೀರು ಜಾರುತ್ತದೆ ಅಂತ ನಂಬಬೇಡಿ. ಭತ್ತದ ಹುಲ್ಲು ನೀರು ಕುಡಿಯುತ್ತದೆ. ಕೆಳಗೆ ನೀಲಗಿರಿ ಕಟ್ಟಿಗೆ, ಮೇಲೆ ತಾಡಪತ್ರಿ, ಬದಿ ಬಯಲು.

ಪಂಜರ ಬಂದ ಮೇಲೆ ಬಳಿಯುವುದು ದಿನಕ್ಕೆ 4–5 ಕಿಲೋ. ಉಳಿತಾಯವಾದದ್ದು 13–14 ಕಿಲೋ, ಅಂದರೆ ಅರ್ಧ ರೋಲಿಗೆ ಮೇಲೆ. ಮನೆಗೆ ಬಂದು ಬೀಳುವ ರೋಲ್ 130 ರೂಪಾಯಿ ಹಿಡಿದರೆ ದಿನಕ್ಕೆ 80 ಚಿಲ್ಲರೆ, ಜನವರಿಯಿಂದ ಮೇ ತನಕ 150 ದಿನಕ್ಕೆ 12 ಸಾವಿರದ ಆಸುಪಾಸು. ಎರಡನೇ ಬೇಸಿಗೆಗೆ ಕಬ್ಬಿಣದ ದುಡ್ಡು ತೀರಿತು. ಹಳೆಯ 9 ಸಾವಿರ, ಟೈರಿನ 1,500 ಸೇರಿಸಿದರೆ ಈ ಮೂರನೇ ಬೇಸಿಗೆಯಲ್ಲಿ ಲಾಭಕ್ಕೆ ಬಂದೆ. ಬಳಿಯುವ ಆಳಿನ ಅರ್ಧ ತಾಸು ಬೇರೆ.

ಎರೆ ಮಣ್ಣಿನವರು ಪಂಜರದ ಸುತ್ತ 6 ಅಡಿಯವರೆಗೆ ಗರಸು ಹಾಕಿ ಬಡಿಯಿರಿ, ಇಲ್ಲದಿದ್ದರೆ ಮೊದಲ ಅಡ್ಡಮಳೆಗೇ ದನ ಮೊಣಕಾಲು ಹೂತು ನಿಲ್ಲುತ್ತವೆ. ನಾನು ಒಂದು ಟ್ರೇಲರ್ ಹಾಕಿದ್ದೆ, ಸಾಲಲಿಲ್ಲ, ಇನ್ನೂ ಅರ್ಧ ತರಿಸಿದೆ. ಇನ್ನು ತುಂಡುಗಳನ್ನು ಜೋಡಿಸುವ ಪಿನ್ನಿಗೆ ಸಣ್ಣ ಸರಪಳಿ ಬೆಸೆಸಿ ಪಂಜರಕ್ಕೇ ಕಟ್ಟಿ. ನನ್ನವು ಆರರಲ್ಲಿ ನಾಲ್ಕು ತಿಪ್ಪೆಗುಂಡಿಯಲ್ಲಿವೆ, ಈಗ 16 ಎಂಎಂ ಬೋಲ್ಟ್ ಹಾಕಿ ನಡೆಸುತ್ತಿದ್ದೇನೆ.