ವಹಿಯ ಹಿಂದಿನ ಪುಟ
ಮಹಾರಾಷ್ಟ್ರದ ಜತ್ ತಾಲ್ಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ದಸರಾ ಆದ ಮೇಲೆ ಹಾಜರಿ ಇಳಿಯುತ್ತದೆ. ಅಪ್ಪ-ಅವ್ವ ಕಬ್ಬು ಕಡಿಯಲು ಹೊರಟರೆ ಮಕ್ಕಳೂ ಹೊರಟವು. ಯುಗಾದಿ ಹೊತ್ತಿಗೆ ಬರುತ್ತಾರೆ. ಆ ವರ್ಷ ನಾಲ್ಕನೇ ತರಗತಿಯ ಒಬ್ಬ ಹುಡುಗಿ ಬರಲಿಲ್ಲ. ಸಕ್ಕರೆ ಫ್ಯಾಕ್ಟರಿ ಬಂದ್ ಆಗಿ ತಿಂಗಳಾಗಿತ್ತು.

'ಉಚಲ್ ಮುಗಿದಿಲ್ಲಂತ ಮಾಸ್ತರ, ಮುಕಾದಮ ತನ್ನ ಹೊಲದಾಗ ದುಡಸಾಕತ್ತಾನ' ಅಂದಳು ಅಜ್ಜಿ.

ಮುಕಾದಮ ಅಂದರೆ ಕಬ್ಬು ಕಡಿಯಲು ಆಳು ಕರೆದೊಯ್ಯುವ ಗುತ್ತಿಗೆದಾರ. ಉಚಲ್ ಅಂದರೆ ಸೀಸನ್ನಿಗೆ ಮೊದಲೇ ಅವನು ಕೊಡುವ ಮುಂಗಡ. ಗಂಡ-ಹೆಂಡತಿ ಸೇರಿ ಒಂದು 'ಕೊಯ್ತಾ', ಇಬ್ಬರಿಗೂ ಒಂದೇ ಲೆಕ್ಕ. ಒಂದು ದಿನ ಕೆಲಸ ತಪ್ಪಿದರೆ 'ಖಾಡಾ', ಅಂದರೆ ದಂಡ.

ನಾನು ಮೊದಲು ಠಾಣೆಗೆ ಹೋದೆ. ಅದೇ ತಪ್ಪಾಯಿತು. 'ಹೊಡದಾರೇನು? ಕಟ್ಟಿ ಹಾಕ್ಯಾರೇನು? ಇಲ್ಲಂದ್ರ ರೊಕ್ಕ ತೀರಸ್ಲಿ' ಅಂದರು. ನನಗೂ ಅದು ಸರಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಪರಿಚಯದ ವಕೀಲರು ಬೈದರು. 1976ರ ಜೀತ ರದ್ದತಿ ಕಾಯ್ದೆಗೆ ಹೊಡೆತ-ಬಡಿತ ಬೇಕಿಲ್ಲ. ಮುಂಗಡ ತೋರಿಸಿ ಬಿಟ್ಟು ಹೋಗದ ಹಾಗೆ ಮಾಡಿದರೂ ಜೀತವೇ. ಇದು ಜೀತದ ಸಾಲ ಅಲ್ಲ ಅಂತ ತೋರಿಸಬೇಕಾದವನು ಸಾಲ ಕೊಟ್ಟವನು. ಅರ್ಜಿಯನ್ನು ಪ್ರಾಂತ ಆಫೀಸಿಗೆ, ಅಂದರೆ ಉಪವಿಭಾಗಾಧಿಕಾರಿ ಕಚೇರಿಗೆ ಕೊಟ್ಟೆವು.

ಅದಕ್ಕೂ ಮೊದಲು ಅಜ್ಜಿಯ ಜೊತೆ ಹೊಲಕ್ಕೆ ಹೋಗಿದ್ದೆ. ಹುಡುಗಿ ತನ್ನ ಗಣಿತದ ವಹಿ ತಂದು ಹಿಂದಿನ ಪುಟ ತೋರಿಸಿದಳು. ಮುಕಾದಮ ಸಂಜೆ ಓದಿ ಹೇಳಿದ್ದನ್ನೆಲ್ಲ ಬರೆದಿಟ್ಟಿದ್ದಳು. 'ಅಪ್ಪಗ ಜ್ವರ, ಖಾಡಾ 500.' 'ಅವ್ವ ದವಾಖಾನಿ, ಖಾಡಾ 500.' ಅವಳ 5 ಯಾವಾಗಲೂ ಉಲ್ಟಾ. ಎರಡು ವರ್ಷ ತಿದ್ದಿದರೂ ಹಾಗೇ ಇತ್ತು. ಆ ಪುಟವನ್ನೇ ಅರ್ಜಿಗೆ ಹಚ್ಚಿದೆವು.

ವಿಚಾರಣೆ ಮರಾಠಿಯಲ್ಲಿ, ಮುಕಾದಮ ಎದುರಿಗೇ ಕೂತಿದ್ದ. ಹುಡುಗಿಯ ಅಪ್ಪ-ಅವ್ವ ಕೇಳಿದ್ದಕ್ಕೆಲ್ಲ 'ಹೋಯ್', ಅಂದರೆ ಹೌದು, ಅನ್ನುತ್ತಿದ್ದರು. ನಾನು ಹಟ ಹಿಡಿದೆ: ಅವನು ಹೊರಗೆ ಹೋಗಲಿ, ಪ್ರಶ್ನೆ ಕನ್ನಡದಲ್ಲಿ ಇರಲಿ. ಆಮೇಲೆ 'ನಾಳಿ ಊರಿಗೆ ಹೋಗ್ತೀನಂದ್ರ ಬಿಡ್ತಾರೇನವ್ವ?' ಅಂತ ಕೇಳಿಸಿದೆ.

'ನಮ್ಮಪ್ಪ ಸತ್ತಾಗ ಬಿಡ್ಲಿಲ್ರಿ' ಅಂದಳು ಹುಡುಗಿಯ ಅವ್ವ.

ಬಿಡುಗಡೆ ಪತ್ರ ಕೈಗೆ ಬರುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ಅದಿಲ್ಲದೆ ಸುಮ್ನೆ ಕರೆದುಕೊಂಡು ಬಂದರೆ ಮುಕಾದಮ ಮರುದಿನ ಬಾಗಿಲಿಗೆ ಬರುತ್ತಾನೆ. ಕೇಂದ್ರದ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ ಸಿಗುತ್ತದೆ, ಅದಕ್ಕೂ ಈ ಪತ್ರವೇ ಆಧಾರ. ದುಡ್ಡಿಗೆ ಮಾತ್ರ ಜಾಸ್ತಿ ಓಡಾಡಬೇಕಾಯಿತು.

ಮುಂದಿನ ದಸರಾಕ್ಕೆ ಹುಡುಗಿಯ ಅಪ್ಪ ಬೇರೆ ಮುಕಾದಮನ ಹತ್ತಿರ ಮತ್ತೆ ಉಚಲ್ ತೆಗೆದುಕೊಂಡ. ನನಗೆ ಸಿಟ್ಟು ಬಂತು. ಆದರೆ ಆ ವರ್ಷ ಮಳೆಯೇ ಇರಲಿಲ್ಲ. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟರು. ಹೊರಡುವ ದಿನ ಅವಳವ್ವ ಶಾಲೆಗೆ ಬಂದು, 'ಒಂದು ವಹಿ ಕೊಡ್ರಿ ಮಾಸ್ತರ, ಈ ಸಲ ಅವರಪ್ಪ ಬರೀತಾನ' ಅಂದಳು.