ವೆಸ್ಟ್ ಪಾಯಿಂಟ್ ಆಸೆ ಇರುವ ಮಕ್ಕಳ ಮನೆಯವರಿಗೆ

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಮಗನೋ ಮಗಳೋ ವೆಸ್ಟ್ ಪಾಯಿಂಟ್ (ಅಮೆರಿಕದ ಭೂಸೇನಾ ಅಕಾಡೆಮಿ) ಅಥವಾ ಅನಾಪೊಲಿಸ್ (ನೌಕಾ ಅಕಾಡೆಮಿ) ಸೇರಬೇಕು ಅಂತಿದ್ದರೆ, ಅಕಾಡೆಮಿಗೆ ಅರ್ಜಿ ಹಾಕಿದರೆ ಸಾಲದು. ನಾಮನಿರ್ದೇಶನವೂ ಬೇಕು, ಅಂದರೆ ಜನಪ್ರತಿನಿಧಿಯೊಬ್ಬರು ಮಗುವಿನ ಹೆಸರನ್ನು ಅಕಾಡೆಮಿಗೆ ಸೂಚಿಸಬೇಕು; ಅದಕ್ಕೆ ಬೇರೆಯೇ ಅರ್ಜಿ. ನಿಮ್ಮ ಕ್ಷೇತ್ರದ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರು, ರಾಜ್ಯದ ಇಬ್ಬರು ಸೆನೆಟರ್‌ಗಳು, ಈ ಮೂವರಿಗೂ ಹಾಕಿಸಿ. ಸುಮ್ನೆ ಒಬ್ಬರನ್ನೇ ನಂಬಿ ಕೂರಬೇಡಿ. ಒಂದೊಂದು ಆಫೀಸಿನ ಕೊನೆ ದಿನ ಒಂದೊಂದು ಥರ, ಹಾಗಾಗಿ 11ನೇ ಕ್ಲಾಸ್ ಮುಗಿಯುವಾಗಲೇ ನೋಡಿಟ್ಟುಕೊಳ್ಳಿ. ಶಿಫಾರಸು ಪತ್ರ ಬರೆಯುವ ಟೀಚರ್‌ಗೆ ಬೇಸಿಗೆ ರಜೆಗೆ ಮುಂಚೆಯೇ ಹೇಳಿ. ಸಂದರ್ಶನಕ್ಕೆ ಕರೆದರೆ ‘ಸೇನೆಗೆ ಯಾಕೆ ಸೇರಬೇಕು?’ ಅನ್ನುವುದಕ್ಕೆ ಮಕ್ಕಳದೇ ಉತ್ತರ ಇರಲಿ, ದಯವಿಟ್ಟು ನೀವು ಬರೆದುಕೊಡಬೇಡಿ. ಗ್ರೀನ್ ಕಾರ್ಡ್ ನಡೆಯುವುದಿಲ್ಲ, ಪೌರತ್ವವೇ ಬೇಕು. ಕೋಸ್ಟ್ ಗಾರ್ಡ್ (ಕರಾವಳಿ ಕಾವಲು ಪಡೆ) ಅಕಾಡೆಮಿಗಾದರೆ ನಾಮನಿರ್ದೇಶನದ ಅಗತ್ಯವಿಲ್ಲ.